ಕಾಲೇಜಿನ ಹೊಸ್ತಿಲಲ್ಲಿ ಒಂದು ಪರೀಕ್ಷೆ



ಮುಂಗಾರಿನ ಮೊದಲ ಮಳೆ ಬಿದ್ದು ಎರೆಯ ಹೊಲಗಳಲ್ಲಿ ಹೆಸರಿನ ಬಿತ್ತನೆ ಮುಗಿಯುವ ದಿನಗಳಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಳ ಮನೆಮನೆಯಲ್ಲಿ ಇನ್ನೊಂದು ಬಿತ್ತನೆಯ ಮಾತು ನಡೆದಿರುತ್ತದೆ. ಮಗನನ್ನು ಕಾಲೇಜಿಗೆ ಹಾಕುವುದೋ ಬಿಡುವುದೋ, ಮಗಳನ್ನು ಇನ್ನೂ ಮೂರು ವರ್ಷ ಓದಿಸುವುದೋ ಬಿಡುವುದೋ ಎಂಬುದೇ ಆ ಮಾತು. ಓದಿಸುವುದೆಂದು ನಿಶ್ಚಯವಾದ ಮೇಲೆ ಆ ಮಕ್ಕಳು ಒಂದು ಮುಂಜಾನೆ ಬಸ್ಸನ್ನು ಹತ್ತಿ ತಾಲೂಕಿನ ಊರಿಗೆ ಬಂದು ಇಳಿಯುತ್ತಾರೆ. ಜಮಖಾನೆಗಳಿಗೆ ಹೆಸರಾದ ನವಲಗುಂದ, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿ, ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ, ಆದಿಕವಿ ಪಂಪನ ಹೆಸರಿನೊಡನೆ ಕೂಡಿಬಂದ ಅಣ್ಣಿಗೇರಿ, ಈ ನಾಲ್ಕೂ ಊರುಗಳಲ್ಲಿ ಆ ದೃಶ್ಯವನ್ನು ಕಾಣಬಹುದು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದರಿಂದ ಬಸ್ಸಿನ ದುಡ್ಡಿಲ್ಲವೆಂಬ ಕಾರಣವೊಂದು ಕಡಿಮೆಯಾಗಿದೆ. ಉಳಿದ ಕಾರಣಗಳು ಉಳಿದಿವೆ.

ಹೀಗೆ ಬಂದ ವಿದ್ಯಾರ್ಥಿಯನ್ನು ಕಾಲೇಜು ಹೇಗೆ ಎದುರುಗೊಳ್ಳಬೇಕು? ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಅರಿಯುವುದು ಹೇಗೆ? ಅರಿತ ಮೇಲೆ ಮಾಡತಕ್ಕದ್ದೇನು? ಈ ಮೂರು ಪ್ರಶ್ನೆಗಳನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಈ ವಿಷಯವಾಗಿ ಮಾತನಾಡುವ ಅಧಿಕಾರ ನಮಗೆ ವಿದ್ವತ್ತಿನಿಂದ ಬಂದುದಲ್ಲ. ನಾವು ಒಮ್ಮೆ ಈ ಕೆಲಸವನ್ನು ತಪ್ಪಾಗಿ ಮಾಡಿದೆವು. ಆ ತಪ್ಪಿನಿಂದ ಕಲಿತದ್ದೇ ನಮ್ಮ ಬಂಡವಾಳ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು, ಬರುವ ವಿದ್ಯಾರ್ಥಿಯ ಸ್ಥಿತಿಯನ್ನು ನೋಡೋಣ. ಅವನು ಹತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿತವನು. ನಮ್ಮ ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿದೆ. ಆದುದರಿಂದ ಅವನು ಇಂಗ್ಲಿಷನ್ನು ಓದಿಯೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಅಕ್ಷರ ಬಲ್ಲ, ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಬರೆದು ಉತ್ತೀರ್ಣನಾಗಿದ್ದಾನೆ. ಆದರೆ ತಾನೇ ಒಂದು ಪುಟವನ್ನು ತೆರೆದು ಅದರ ಅರ್ಥವನ್ನು ಹಿಡಿಯುವುದು ಅವನಿಗೆ ಅಭ್ಯಾಸವಿಲ್ಲ. ಕಲಾವಿಭಾಗಕ್ಕೆ ಸೇರಿದರೆ ಅನೇಕ ವಿಷಯಗಳನ್ನು ಕನ್ನಡದಲ್ಲಿ ಓದಿ ಬರೆಯಬಹುದು. ವಿಜ್ಞಾನಕ್ಕೆ ಸೇರಿದರೆ ಪುಸ್ತಕ ಇಂಗ್ಲಿಷಿನದು. ವಾಣಿಜ್ಯಕ್ಕೆ ಸೇರಿದರೂ ಬಹುಮಟ್ಟಿಗೆ ಹಾಗೆಯೇ. ಮೊದಲನೆಯ ವಾರದಲ್ಲಿ ಉಪನ್ಯಾಸಕರು ಹಲಗೆಯ ಮೇಲೆ ಬರೆಯುತ್ತ ಹೋಗುತ್ತಾರೆ, ಇವನು ನೋಡುತ್ತ ಕುಳಿತಿರುತ್ತಾನೆ. ತಿಳಿಯಲಿಲ್ಲವೆಂದು ಎದ್ದು ಹೇಳುವ ಧೈರ್ಯವಿಲ್ಲ; ತಿಳಿಯದವನು ತಾನೊಬ್ಬನೇ ಎಂದು ಅವನ ಭಾವನೆ. ಪಕ್ಕದಲ್ಲಿ ಕುಳಿತವನ ಭಾವನೆಯೂ ಅದೇ ಎಂಬುದು ಅವನಿಗೆ ಗೊತ್ತಿಲ್ಲ.

ಈ ಅಂತರ ಹೊಸದಲ್ಲ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದಾಗ ಮೆಟ್ರಿಕ್ಯುಲೇಷನ್ ಎಂಬ ಪರೀಕ್ಷೆಯನ್ನು ಇಟ್ಟುದು ಶಾಲೆ ಮುಗಿಯಿತೆಂದು ಹೇಳುವುದಕ್ಕಲ್ಲ, ವಿಶ್ವವಿದ್ಯಾಲಯದ ಒಳಕ್ಕೆ ಯಾರನ್ನು ಬಿಡಬೇಕೆಂದು ನಿರ್ಣಯಿಸುವುದಕ್ಕೆ. ಅದು ಬಾಗಿಲ ಬೀಗವಾಗಿತ್ತು. ಧಾರವಾಡದ ಕಡೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದ ಕಾಲದಲ್ಲಿ ಹಳ್ಳಿಯ ಹುಡುಗನ ವಿದ್ಯೆಗೆ ಮುಲ್ಕಿ ಪರೀಕ್ಷೆಯೇ ಶಿಖರ. ಅದರಾಚೆಗೆ ಇಂಗ್ಲಿಷಿನ ದೊಡ್ಡ ಗೋಡೆ. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದುದು 1917ರಲ್ಲಿ. ಇಂದು ಆ ಬೀಗವನ್ನು ತೆಗೆದಿದ್ದೇವೆ. ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ತನ್ನ ತಾಲೂಕಿನಲ್ಲಿಯೇ ಕಾಲೇಜಿನ ಬಾಗಿಲು ತೆರೆದಿದೆ. ಇದು ದೊಡ್ಡ ಲಾಭ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮೆಟ್ಟಿಲು ತಾನಾಗಿ ಬರಲಿಲ್ಲ.

ಮೆಟ್ಟಿಲನ್ನು ಕಟ್ಟುವ ಮೊದಲು ಎಷ್ಟು ಎತ್ತರವೆಂದು ಅಳೆಯಬೇಕಷ್ಟೆ? ಅದಕ್ಕಾಗಿ ಪರೀಕ್ಷೆ. ಇಲ್ಲಿ ಒಂದು ಹಳೆಯ ವೃತ್ತಾಂತವನ್ನು ನೆನೆಯುವುದು ಉಚಿತ. ಪ್ಯಾರಿಸ್ ನಗರದ ಆಲ್ಫ್ರೆಡ್ ಬೀನೆ ಎಂಬ ವಿದ್ವಾಂಸನು ಸಿಮೋನನೊಡನೆ ಕೂಡಿ 1905ರಲ್ಲಿ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಹೊರತಂದನು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳು ಯಾರೆಂದು ತಿಳಿದು ಅವರಿಗೆ ವಿಶೇಷವಾಗಿ ಕಲಿಸಬೇಕೆಂಬುದು ಅದರ ಉದ್ದೇಶ. ಬುದ್ಧಿಯೆಂಬುದು ಹುಟ್ಟಿನಿಂದ ಇಷ್ಟೇ ಎಂದು ನಿಗದಿಯಾದ ವಸ್ತುವಲ್ಲ, ಅಭ್ಯಾಸದಿಂದ ಬೆಳೆಯತಕ್ಕದ್ದು ಎಂದು ಅವನು ನಂಬಿದ್ದನು. ಆದರೆ ಅದೇ ಅಳತೆಗೋಲು ಸಮುದ್ರವನ್ನು ದಾಟಿ ಅಮೇರಿಕೆಗೆ ಹೋದ ಮೇಲೆ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವುದಕ್ಕೂ ಬಳಕೆಯಾಯಿತು. ವೈದ್ಯನ ನಾಡಿಪರೀಕ್ಷೆ ಕಾವಲುಗಾರನ ಕೈಯ ಕೋಲಾಯಿತು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಕೈಗೊಂಡವರು ಒಂದು ವಿವೇಕವನ್ನು ತೋರಿದರು. ವಿ. ವಿ. ಕಾಮತರು ಮುಂಬಯಿ-ಕರ್ನಾಟಕದ ಮಕ್ಕಳಿಗಾಗಿ ಬೀನೆಯ ಪ್ರಶ್ನೆಗಳನ್ನು ಕನ್ನಡ ಮರಾಠಿಗಳಲ್ಲಿ ಹೊಸದಾಗಿ ಹೊಂದಿಸಿ, 1940ರಲ್ಲಿ ಅದರ ಫಲವನ್ನು ಪುಸ್ತಕವಾಗಿ ಪ್ರಕಟಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರೂ ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮವರಿಗೆ ಒಗ್ಗಿಸುವ ಕಾರ್ಯದಲ್ಲಿ ತೊಡಗಿದ್ದರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದವರೆಂಬುದನ್ನು ರೇಡಿಯೋ ಭಾಷಣವನ್ನು ಕೇಳುವವರು ಮರೆಯಲಾರರು. ಇವರ ಕೆಲಸದಿಂದ ನಾವು ಕಲಿಯಬೇಕಾದುದು ಇಷ್ಟು: ಮಗುವಿನ ಬುದ್ಧಿಯನ್ನು ಅರಿಯಬೇಕಾದರೆ ಮಗುವಿನ ಮಾತಿನಲ್ಲಿಯೇ ಪ್ರಶ್ನೆಯನ್ನು ಕೇಳಬೇಕು. ಇಲ್ಲವಾದರೆ ಬುದ್ಧಿಯ ಬದಲು ಭಾಷೆಯನ್ನು ಅಳೆದಂತಾಗುತ್ತದೆ.

ಇಷ್ಟು ಸರಳವಾದ ಸಂಗತಿ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ತಪ್ಪಿದೆವು.

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಗ್ರಾಮಾಂತರದ ಕಾಲೇಜೊಂದರಲ್ಲಿ, ವಾಣಿಜ್ಯ ವಿಭಾಗದ ಮೊದಲ ವರ್ಷಕ್ಕೆ ಸೇರಿದವರಿಗೆ ಮಟ್ಟವನ್ನು ನೋಡುವ ಪರೀಕ್ಷೆಯೊಂದನ್ನು ಇಡುವುದೆಂದು ನಿಶ್ಚಯಿಸಿದೆವು. ಪ್ರಶ್ನೆಗಳನ್ನು ಸಿದ್ಧಪಡಿಸಿದವರು ನಾವೇ. ನಲವತ್ತು ಪ್ರಶ್ನೆ, ಒಂದು ಗಂಟೆ, ಎಲ್ಲವೂ ಇಂಗ್ಲಿಷಿನಲ್ಲಿ. ಮರುದಿನ ಹೆಸರುಗಳನ್ನು ಎರಡು ಪಟ್ಟಿ ಮಾಡಿ ಸೂಚನಾಫಲಕಕ್ಕೆ ಅಂಟಿಸಿದೆವು. ಎರಡನೆಯ ಪಟ್ಟಿಯವರು ಆರು ವಾರ ಬೇರೆ ಕೋಣೆಯಲ್ಲಿ ಕುಳಿತು ಇಂಗ್ಲಿಷನ್ನೂ ಲೆಕ್ಕವನ್ನೂ ಮೊದಲಿನಿಂದ ಕಲಿಯಬೇಕು, ಅನಂತರ ಉಳಿದವರನ್ನು ಕೂಡಿಕೊಳ್ಳಬೇಕು ಎಂಬುದು ನಮ್ಮ ಯೋಜನೆ. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ವಾರ ಕಳೆಯುವುದರೊಳಗೆ ಆ ಕೋಣೆಗೆ ಹುಡುಗರು ಒಂದು ಹೆಸರನ್ನು ಇಟ್ಟರು. ಅದನ್ನು ಇಲ್ಲಿ ಹೇಳುವುದು ಬೇಡ. ಮೂರನೆಯ ವಾರಕ್ಕೆ ಅಲ್ಲಿಯ ಬೆಂಚುಗಳು ಬರಿದಾಗತೊಡಗಿದವು. ಆರು ವಾರ ಮುಗಿದು ಉಳಿದವರನ್ನು ಮುಖ್ಯ ತರಗತಿಗೆ ಕಳುಹಿಸಿದಾಗ ಅಲ್ಲಿ ಪಾಠ ಆರು ವಾರ ಮುಂದಕ್ಕೆ ಹೋಗಿತ್ತು. ಅಂತರವನ್ನು ಕಡಿಮೆ ಮಾಡಹೊರಟವರು ಅದನ್ನು ಹೆಚ್ಚು ಮಾಡಿದ್ದೆವು.

ಆ ಎರಡನೆಯ ಪಟ್ಟಿಯಲ್ಲಿ ಒಬ್ಬ ಹುಡುಗಿಯಿದ್ದಳು. ಲೆಕ್ಕದ ಹತ್ತು ಪ್ರಶ್ನೆಗಳಲ್ಲಿ ಒಂದನ್ನೂ ಅವಳು ಮಾಡಿರಲಿಲ್ಲ. ದೀಪಾವಳಿಯ ಮುಂಚೆ ಒಂದು ದಿನ ಅವಳು ಗ್ರಂಥಾಲಯದ ಮೂಲೆಯಲ್ಲಿ ಉದ್ದನೆಯ ಹೊತ್ತಗೆಯೊಂದನ್ನು ತೆರೆದುಕೊಂಡು ಏನನ್ನೋ ಬರೆಯುತ್ತ ಕುಳಿತಿದ್ದಳು. ಏನೆಂದು ಕೇಳಿದೆವು. ತಾಯಿಯ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕವಂತೆ. ಸಂಘದ ಹೆಂಗಸರಲ್ಲಿ ಬರೆಯಬಲ್ಲವರು ಕಡಿಮೆಯಾದುದರಿಂದ ಎರಡು ವರ್ಷಗಳಿಂದ ಅವಳೇ ಬರೆಯುತ್ತಿದ್ದಳು. ಐದು ಸಾವಿರ ರೂಪಾಯಿಯ ಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ ಐದು ನೂರು ಅಸಲು ತೀರುತ್ತ ಹೋದ ಹಾಗೆ ಬಡ್ಡಿ ನೂರರಿಂದ ತೊಂಬತ್ತಕ್ಕೆ, ಎಂಬತ್ತಕ್ಕೆ ಇಳಿಯುವುದನ್ನು ಹತ್ತು ಹದಿನೈದು ಜನರ ಹೆಸರಿನ ಮುಂದೆ ತಪ್ಪಿಲ್ಲದೆ ಬರೆದಿದ್ದಳು. ನಮ್ಮ ಪರೀಕ್ಷೆಯ ಒಂದು ಪ್ರಶ್ನೆ ಹೆಚ್ಚು ಕಡಿಮೆ ಇದೇ ಲೆಕ್ಕವಾಗಿತ್ತು.

"ಯಾಕವ್ವಾ, ಇಷ್ಟು ಛಲೋ ಲೆಕ್ಕಾ ಮಾಡ್ತಿ, ಆವತ್ತ ಯಾಕ ಬರೀಲಿಲ್ಲ?" ಎಂದೆವು.

ಅವಳು ತಲೆ ತಗ್ಗಿಸಿ, "ಸರ, ಅದು ಬಡ್ಡಿ ಲೆಕ್ಕ ಅಂತ ಯಾರರ ಒಂದ ಮಾತ ಹೇಳಿದ್ದರ ಮಾಡತಿದ್ನಿರಿ. ಆ ಹಾಳ್ಯಾಗ ಏನ ಕೇಳ್ಯಾರ ಅನ್ನೂದ ತಿಳೀಲಿಲ್ಲರಿ," ಎಂದಳು.

ನಾವು ಅಳೆದದ್ದು ಅವಳ ಲೆಕ್ಕವನ್ನಲ್ಲ, ಬಡ್ಡಿಯೆಂಬ ಮಾತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದನ್ನು. ಆ ಒಂದು ಮಾತು ತಿಳಿಯದಿದ್ದುದಕ್ಕೆ ಲೆಕ್ಕ ಬಲ್ಲವಳಿಗೆ ಲೆಕ್ಕ ಬಾರದೆಂದು ಫಲಕದ ಮೇಲೆ ಬರೆದು ಊರಿಗೆ ಸಾರಿದ್ದೆವು. ಅವಳು ಓದನ್ನು ಬಿಡಲಿಲ್ಲವೆಂಬುದು ನಮ್ಮ ಪುಣ್ಯ. ಅವಳ ಊರಿನಿಂದಲೇ ಬರುತ್ತಿದ್ದ ಇನ್ನಿಬ್ಬರು ಬಿಟ್ಟರು. ಅವರ ಪುಸ್ತಕಗಳಲ್ಲಿ ಏನು ಬರೆದಿತ್ತೋ ನಾವು ನೋಡಲಿಲ್ಲ.

ಇದು ನಮ್ಮೊಂದು ಕಾಲೇಜಿನ ಅನುಭವ ಮಾತ್ರವಾಗಿದ್ದರೆ ತಮ್ಮ ಹೊತ್ತನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇದೇ ತಪ್ಪನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿ, ಅದನ್ನು ಎಣಿಸಿ ನೋಡಿ, ತಿದ್ದಿಕೊಳ್ಳುತ್ತಿರುವ ದೇಶವೊಂದಿದೆ. ಅಮೇರಿಕೆಯಲ್ಲಿ ಸಮುದಾಯ ಕಾಲೇಜುಗಳೆಂಬ ಎರಡು ವರ್ಷದ ವಿದ್ಯಾಲಯಗಳಿವೆ. 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಕಾಲೇಜನ್ನು ಅವುಗಳ ಮೊದಲನೆಯದೆಂದು ಎಣಿಸುತ್ತಾರೆ. ಶುಲ್ಕ ಕಡಿಮೆ, ಬಂದವರಿಗೆಲ್ಲ ಪ್ರವೇಶ, ದುಡಿಯುತ್ತ ಓದುವವರು, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜನ್ನು ಕಂಡವರು, ಬೇರೆ ದೇಶದಿಂದ ಬಂದು ನೆಲೆಸಿದವರು ಅಲ್ಲಿ ಸೇರುತ್ತಾರೆ. ನಮ್ಮಲ್ಲಿಯೂ ಆ ಹೆಸರಿನ ಸಂಸ್ಥೆ 1995ರಲ್ಲಿ ಪಾಂಡಿಚೇರಿಯಲ್ಲಿ ಹುಟ್ಟಿತು. ಆದರೆ ಆ ಕಾಲೇಜು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ನಿಜವಾಗಿ ಹೊತ್ತಿರುವುದು ತಾಲೂಕಿನ ಸರಕಾರಿ ಪ್ರಥಮ ದರ್ಜೆ ಕಾಲೇಜು.

ಆ ಕಾಲೇಜುಗಳಲ್ಲಿ ಬಹುಕಾಲದಿಂದ ಇದ್ದ ಪದ್ಧತಿ ಹೀಗೆ: ಸೇರಿದ ಕೂಡಲೆ ಇಂಗ್ಲಿಷಿನಲ್ಲಿಯೂ ಗಣಿತದಲ್ಲಿಯೂ ಒಂದು ಚಿಕ್ಕ ಪರೀಕ್ಷೆ. ಅದರಲ್ಲಿ ಇಂತಿಷ್ಟು ಅಂಕ ಬಾರದವನು ಪದವಿಯ ಪಾಠಕ್ಕೆ ಮೊದಲು ಪೂರ್ವಸಿದ್ಧತೆಯ ತರಗತಿಗಳಲ್ಲಿ ಕೂಡಬೇಕು. ಒಂದು ತರಗತಿಯಲ್ಲ, ಕೆಲವರಿಗೆ ಎರಡು, ಕೆಲವರಿಗೆ ಮೂರು. ಅವುಗಳಿಗೆ ಹಣವನ್ನು ಕೊಡಬೇಕು, ಪದವಿಯ ಲೆಕ್ಕದಲ್ಲಿ ಮಾತ್ರ ಅವು ಸೇರವು. ಫಲವೇನಾಯಿತೆಂದರೆ, ಬಹುಮಂದಿ ಆ ಹೊರಜಗಲಿಯಲ್ಲಿಯೇ ಕುಳಿತು ಬೇಸತ್ತು ಹೊರಟುಹೋದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷೆ ಬರೆದವರ ಪೈಕಿ ಗಣಿತದಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬನನ್ನೂ ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬನನ್ನೂ ಇರಬೇಕಾದ ಸ್ಥಾನದಲ್ಲಿ ಇಡದೆ ಬಹಳವಾಗಿ ತಪ್ಪಿದ್ದಾರೆಂದು ಕಂಡಿತು. ಒಂದು ಗಂಟೆಯ ಆ ಪರೀಕ್ಷೆಗಿಂತ, ಶಾಲೆಯಲ್ಲಿ ವರ್ಷಗಟ್ಟಲೆ ಪಡೆದ ಅಂಕಗಳೇ ವಿದ್ಯಾರ್ಥಿಯ ಮುಂದಿನ ನಡೆಯನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತಿದ್ದವು.

ಇನ್ನೊಂದು ಪ್ರಯೋಗ ಇದಕ್ಕಿಂತ ಬೋಧಪ್ರದವಾದುದು. 2013ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯಕ್ಕೆ ಸೇರಿದ ಮೂರು ಸಮುದಾಯ ಕಾಲೇಜುಗಳಲ್ಲಿ, ಪೂರ್ವಸಿದ್ಧತೆಯ ಬೀಜಗಣಿತ ಬೇಕೆಂದು ಪರೀಕ್ಷೆ ತೀರ್ಮಾನಿಸಿದ್ದ 907 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಪೂರ್ವಸಿದ್ಧತೆಯ ತರಗತಿ. ಎರಡನೆಯದಕ್ಕೆ ಅದರ ಜೊತೆಗೆ ವಾರಕ್ಕೊಮ್ಮೆ ಹೆಚ್ಚಿನ ನೆರವು. ಮೂರನೆಯ ಗುಂಪನ್ನು ಮಾತ್ರ ನೇರವಾಗಿ ಪದವಿಯ ಸಂಖ್ಯಾಶಾಸ್ತ್ರದ ಪಾಠಕ್ಕೇ ಕೂಡಿಸಿ, ವಾರಕ್ಕೊಮ್ಮೆ ಅದೇ ಬಗೆಯ ನೆರವನ್ನು ಕೊಟ್ಟರು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 39 ಮಂದಿ, ಎರಡನೆಯದರಲ್ಲಿ 45, ಮೂರನೆಯದರಲ್ಲಿ 56 ಮಂದಿ ಉತ್ತೀರ್ಣರಾದರು. ಕಷ್ಟದ ಪಾಠಕ್ಕೆ ಹೋದವರೇ ಹೆಚ್ಚು ಸಂಖ್ಯೆಯಲ್ಲಿ ಗೆದ್ದರೆಂಬುದನ್ನು ಗಮನಿಸಬೇಕು. 2017ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತವು ಒಂದು ಶಾಸನವನ್ನು ಮಾಡಿ, ಶಾಲೆಯ ಅಂಕಗಳನ್ನು ಗಣಿಸದೆ ವಿದ್ಯಾರ್ಥಿಯನ್ನು ಪೂರ್ವಸಿದ್ಧತೆಯ ತರಗತಿಗೆ ತಳ್ಳಕೂಡದೆಂದು ತನ್ನ ಸಮುದಾಯ ಕಾಲೇಜುಗಳಿಗೆ ವಿಧಿಸಿತು.

ಇದರ ತಾತ್ಪರ್ಯ ನೆರವು ಬೇಡವೆಂದಲ್ಲ. ನೆರವು ಪಾಠದ ಮೊದಲು ಬಾರದೆ ಪಾಠದ ಜೊತೆಗೆ ಬರಬೇಕೆಂದು. ದಂಡೆಯ ಮೇಲೆ ನಿಲ್ಲಿಸಿ ಆರು ತಿಂಗಳು ಕೈಬೀಸುವುದನ್ನು ಕಲಿಸಿದವನಿಗೆ ಈಜು ಬಾರದು. ನೀರಿಗೆ ಇಳಿಸಿ ಹೊಟ್ಟೆಯ ಕೆಳಗೆ ಕೈಕೊಟ್ಟವನಿಗೆ ಬರುತ್ತದೆ.

ಈ ವಿವೇಕಕ್ಕಾಗಿ ಅಮೇರಿಕೆಯ ತನಕ ಹೋಗಬೇಕಾಗಿಯೂ ಇಲ್ಲ. ಕುಂದಗೋಳದ ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ತಮ್ಮ ಶಿಷ್ಯರಿಗೆ ಸಂಗೀತವನ್ನು ಕಲಿಸಿದ ಬಗೆಯನ್ನು ನೆನೆಯೋಣ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅವರಲ್ಲಿಗೆ ಹೋಗಿ ಬರುತ್ತಿದ್ದಾಗ, ಅದಾಗಲೇ ಗ್ರಾಮಾಫೋನ್ ತಟ್ಟೆಗಳಲ್ಲಿ ಹಾಡಿ ಹೆಸರಾಗಿದ್ದವರು. 1936ರಲ್ಲಿ ಅದೇ ಗುರುವಿನ ಬಳಿಗೆ ಬಂದ ಭೀಮಸೇನ ಜೋಶಿಯವರು ಹದಿನಾಲ್ಕು ವರ್ಷದ ಹುಡುಗ. ಇಬ್ಬರ ಸಿದ್ಧತೆಯೂ ಬೇರೆ, ಕಂಠವೂ ಬೇರೆ. ಗುರುವು ಇವರಿಗೆ ಕಾಗದದ ಮೇಲೆ ಪ್ರಶ್ನೆ ಬರೆದು ಕೊಡಲಿಲ್ಲ; ಹಾಡಿಸಿ ಕೇಳಿದರು, ದಿನದಿನವೂ ಕೇಳಿದರು. ಎಲ್ಲಿ ಸ್ವರ ತಪ್ಪುವುದೋ ಅಲ್ಲಿಯೇ ನಿಲ್ಲಿಸಿ ತಿದ್ದಿದರು. ಆದರೆ ತಿದ್ದುಪಾಟು ನಡೆದುದು ರಾಗದ ಒಳಗೆ, ರಾಗದ ಹೊರಗಲ್ಲ. ಕೇಳಿ ಅರಿಯುವುದು ಒಂದು ಪರೀಕ್ಷೆಯೇ. ಆದರೆ ಒಮ್ಮೆ ಮುಗಿದುಹೋಗುವ ಪರೀಕ್ಷೆಯಲ್ಲ.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿಯೂ ಈ ತತ್ತ್ವಕ್ಕೆ ಒಂದು ರೂಪವಿದೆ. ವರ್ಷದ ಆರಂಭದಲ್ಲಿ ಸೇತುಬಂಧವೆಂಬ ಕಾರ್ಯಕ್ರಮ ನಡೆಯುತ್ತದೆ. ಮಗು ಹಿಂದಿನ ತರಗತಿಯಲ್ಲಿ ಕಲಿತದ್ದೆಷ್ಟೆಂದು ತಿಳಿಯಲು ನೈದಾನಿಕ ಪರೀಕ್ಷೆ, ಕಡಿಮೆಯಿದ್ದೆಡೆ ಪರಿಹಾರ ಬೋಧನೆ, ಅನಂತರ ಸಾಫಲ್ಯ ಪರೀಕ್ಷೆ. ನಿದಾನವೆಂಬುದು ವೈದ್ಯರ ಮಾತು. ರೋಗದ ಮೂಲವನ್ನು ಹುಡುಕುವುದು ಎಂದು ಅದರ ಅರ್ಥ. ಆ ಹೆಸರನ್ನು ಇಟ್ಟವರ ದೃಷ್ಟಿ ಸರಿಯಾಗಿದೆ. ಕಾಲೇಜುಗಳಿಗೂ ಇಂಥ ನಿಯಮವುಂಟು. ಕಾಲೇಜುಗಳ ಗುಣವನ್ನು ತೂಗುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್, ಹೊಸ ವಿದ್ಯಾರ್ಥಿಗಳ ಕಲಿಕೆಯ ಮಟ್ಟವನ್ನು ಅರಿತು ಹಿಂದುಳಿದವರಿಗೂ ಮುಂದಿರುವವರಿಗೂ ಏನು ಮಾಡಿದಿರೆಂದು ಕೇಳುತ್ತ ಬಂದಿದೆ. ಆದರೆ ಕೇಳುವವರಿಗೆ ತೋರಿಸಲು ಒಂದು ವಾರದ ಬ್ರಿಜ್ ಕೋರ್ಸು ನಡೆದು, ಹಾಜರಿಯ ಸಹಿಗಳು ಕಡತಕ್ಕೆ ಸೇರಿದಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವ ಅಪಾಯವಿದೆ. ನಾವೂ ಅಂಥ ಕಡತಗಳಿಗೆ ಸಹಿ ಹಾಕಿದವರೇ ಆದುದರಿಂದ ಈ ಮಾತನ್ನು ಪರನಿಂದೆಯೆಂದು ಯಾರೂ ತಿಳಿಯಬಾರದು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಅನುಭವಕ್ಕೆ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಪರೀಕ್ಷೆಯನ್ನು ಬಿಡಿಸಿ ಇಡಬೇಕು. ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಒಂದು, ಲೆಕ್ಕ ಒಂದು, ಇಂಗ್ಲಿಷ್ ಒಂದು. ಲೆಕ್ಕದ ಪ್ರಶ್ನೆಗಳು ಎರಡು ಭಾಷೆಗಳಲ್ಲಿಯೂ ಅಚ್ಚಾಗಿರಲಿ. ಆಗ ಮಾತ್ರ ಯಾವುದು ಇಲ್ಲವೆಂಬುದು ತಿಳಿಯುತ್ತದೆ. ಕನ್ನಡದಲ್ಲಿ ಚೆನ್ನಾಗಿ ಓದಿ ಬರೆಯುವವನಿಗೆ ಇಂಗ್ಲಿಷ್ ಕಲಿಸುವುದು ಒಂದು ಕೆಲಸ. ಯಾವ ಭಾಷೆಯಲ್ಲಿಯೂ ಓದಿನ ರೂಢಿಯಿಲ್ಲದವನಿಗೆ ಕಲಿಸುವುದು ಬೇರೆಯೇ ಕೆಲಸ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ್ದು ನಮ್ಮ ತಪ್ಪುಗಳಲ್ಲಿ ಒಂದು.

ಎರಡನೆಯದಾಗಿ, ಪರೀಕ್ಷೆಯ ಫಲವನ್ನು ಫಲಕಕ್ಕೆ ಅಂಟಿಸಬಾರದು. ಅದನ್ನು ವಿದ್ಯಾರ್ಥಿಗೆ ಒಬ್ಬನಿಗೇ ಕರೆದು ಹೇಳಬೇಕು. ಪದವಿಪೂರ್ವದ ಅಂಕಗಳನ್ನು ಪಕ್ಕದಲ್ಲಿಟ್ಟು ನೋಡಿ, ಅವನ ಮಾತನ್ನೂ ಕೇಳಬೇಕು. ಹತ್ತು ನಿಮಿಷದ ಈ ಮಾತುಕತೆಯಲ್ಲಿ, ಸಂಘದ ಲೆಕ್ಕ ಬರೆಯುವವಳು ಯಾರು, ತಂದೆಯ ಅಂಗಡಿಯಲ್ಲಿ ಕೂಡುವವನು ಯಾರು ಎಂಬುದೂ ಹೊರಬರುತ್ತದೆ. ನಮಗೆ ಅದು ದೀಪಾವಳಿಯ ತನಕ ತಿಳಿಯಲಿಲ್ಲ.

ಮೂರನೆಯದಾಗಿ, ನೆರವು ಮುಖ್ಯ ಪಾಠದ ಜೊತೆಯಲ್ಲಿ, ಅದೇ ಪಾಠದ ಮೇಲೆ, ವೇಳಾಪಟ್ಟಿಯ ಒಳಗೇ ಇರಬೇಕು. ಸೋಮವಾರ ಹಲಗೆಯ ಮೇಲೆ ಬಂದ ಇಂಗ್ಲಿಷ್ ಪದಗಳನ್ನು ಮಂಗಳವಾರ ಚಿಕ್ಕ ಗುಂಪಿನಲ್ಲಿ ಕನ್ನಡದ ಮೂಲಕ ಬಿಡಿಸುವುದು, ಬುಧವಾರ ಅವನಿಂದಲೇ ಅವನ್ನು ಬಳಸಿಸುವುದು, ಈ ಬಗೆಯದು. ವೇಳಾಪಟ್ಟಿಯ ಒಳಗೆ ಎಂದುದಕ್ಕೆ ಕಾರಣವಿದೆ. ಸಂಜೆ ಐದರ ಮೇಲೆ ಇಟ್ಟ ತರಗತಿಗೆ ಹಳ್ಳಿಯ ಹುಡುಗಿ ನಿಲ್ಲಲಾರಳು. ಅವಳ ಬಸ್ಸು ಹೊರಟುಹೋಗುತ್ತದೆ. ನಗರದ ಕಾಲೇಜಿನಲ್ಲಿ ಇದು ಸಣ್ಣ ಸಂಗತಿ. ನಮ್ಮಲ್ಲಿ ಒಂದು ತರಗತಿಯನ್ನು ಬಾಳಿಸುವುದೂ ಕೆಡಿಸುವುದೂ ಬಸ್ಸಿನ ವೇಳೆಯೇ.

ನಾಲ್ಕನೆಯದಾಗಿ, ಎಂಟು ವಾರಗಳ ಮೇಲೆ ಮತ್ತೆ ನೋಡಬೇಕು. ಮೊದಲ ದಿನದ ತೀರ್ಮಾನವನ್ನು ತಿದ್ದಿಕೊಳ್ಳುವ ಅವಕಾಶ ಯಾವ ಪರೀಕ್ಷೆಗೆ ಇಲ್ಲವೋ ಅದು ನಿದಾನವಲ್ಲ, ತೀರ್ಪು.

ಇದಕ್ಕೆ ಆಕ್ಷೇಪಗಳುಂಟು. ಹೀಗೆ ಮಾಡಿದರೆ ಪದವಿಯ ಮಟ್ಟ ಇಳಿಯುವುದಿಲ್ಲವೇ ಎಂದು ವಿದ್ಯಾವಂತರು ಕೇಳುವುದು ಸಹಜ. ಮಟ್ಟವಿರುವುದು ಕೊನೆಯ ಪರೀಕ್ಷೆಯಲ್ಲಿ. ಅದನ್ನು ಇಳಿಸೆಂದು ನಾವು ಕೇಳುತ್ತಿಲ್ಲ, ಅಲ್ಲಿಗೆ ತಲುಪುವ ದಾರಿಯಲ್ಲಿ ಜೊತೆಗೆ ನಡೆಯೆಂದು ಕೇಳುತ್ತಿದ್ದೇವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಕೆಲವರಿಗೆ ನಿಜವಾಗಿಯೂ ಹೆಚ್ಚು ಕಾಲ ಬೇಕು. ವಾರಕ್ಕೆರಡು ಗಂಟೆಯ ನೆರವು ಅವರಿಗೆ ಸಾಲದು. ಇದು ಸತ್ಯ. ನಮ್ಮ ಐಐಟಿಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಕೆಲವು ವಿದ್ಯಾರ್ಥಿಗಳಿಗಾಗಿ ಒಂದು ವರ್ಷದ ಪೂರ್ವಸಿದ್ಧತೆಯ ತರಗತಿಯುಂಟು. ಅದನ್ನು ಮುಗಿಸಿದವರಿಗೆ ಮುಂದೆ ಸ್ಥಾನವಿದೆಯೆಂಬ ಭರವಸೆಯೂ, ಇರಲು ವಸತಿಯೂ ಅಲ್ಲಿ ಇವೆ. ಕಲಘಟಗಿಯ ಹುಡುಗಿಗೆ ಆ ಒಂದು ವರ್ಷವನ್ನು ಕೊಡುವವರು ಯಾರು? ಮೂರು ವರ್ಷಕ್ಕೆಂದು ಒಪ್ಪಿದ ಮನೆಯಲ್ಲಿ ನಾಲ್ಕು ಎಂದ ಕೂಡಲೆ ಮದುವೆಯ ಮಾತು ಬರುತ್ತದೆ. ಕಾಲ ಬೇಕಾದವರಿಗೆ ಕಾಲವನ್ನು ಕೊಡೋಣ; ಆದರೆ ಅದನ್ನು ಮೊದಲ ವಾರದ ಒಂದು ಗಂಟೆಯ ಕಾಗದದಿಂದ ನಿಶ್ಚಯಿಸುವುದು ಬೇಡ.

ಮೂರನೆಯ ತೊಡಕು ಕಲಿಸುವವರದು. ಸರಕಾರಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಇಂದು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ. ಮುಂದಿನ ವರ್ಷ ತಾನು ಇದೇ ಊರಿನಲ್ಲಿರುವೆನೋ ಇಲ್ಲವೋ ಎಂದು ತಿಳಿಯದವನು ವಿದ್ಯಾರ್ಥಿಯ ಮೂರು ವರ್ಷಗಳ ಹೊಣೆಯನ್ನು ಹೊರುವುದು ಹೇಗೆ? ಮೊದಲ ವರ್ಷದ ತರಗತಿಗೆ ಕಾಲೇಜಿನ ಅತ್ಯಂತ ಅನುಭವಸ್ಥ ಅಧ್ಯಾಪಕರನ್ನು ಕಳುಹಿಸಬೇಕು. ನಮ್ಮಲ್ಲಿ ಹೊಸಬರನ್ನು ಅಲ್ಲಿಗೆ ಕಳುಹಿಸಿ, ಹಿರಿಯರು ಕೊನೆಯ ವರ್ಷವನ್ನು ಇಟ್ಟುಕೊಳ್ಳುವ ರೂಢಿ ಹೆಚ್ಚು. ಹಣವಿಲ್ಲದೆ ಬದಲಾಯಿಸಬಹುದಾದ ಸಂಗತಿಗಳಲ್ಲಿ ಇದೊಂದು.

ನಗರವಾಸಿಗಳಾದ ಶ್ರೋತೃಗಳಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ಹಾಗಲ್ಲ. ಇದೇ ಮಕ್ಕಳು ನಾಳೆ ತಮ್ಮ ಬ್ಯಾಂಕಿಗೆ, ಕಚೇರಿಗೆ, ತಮ್ಮ ಮಕ್ಕಳ ಶಾಲೆಗೆ ಕೆಲಸ ಕೇಳಿಕೊಂಡು ಬರುವವರು. ಸಂದರ್ಶನದಲ್ಲಿ ಮೊದಲ ಐದು ನಿಮಿಷದ ಇಂಗ್ಲಿಷನ್ನು ಕೇಳಿ ಅವರ ಬುದ್ಧಿಯನ್ನು ತೂಗುವವರು ಅನೇಕರು ಈಗ ಈ ಭಾಷಣವನ್ನು ಕೇಳುತ್ತಿರಬಹುದು. ನಾವು ಕಾಲೇಜಿನ ಹೊಸ್ತಿಲಲ್ಲಿ ಮಾಡಿದ ತಪ್ಪನ್ನು ತಾವು ಕಚೇರಿಯ ಹೊಸ್ತಿಲಲ್ಲಿ ಮಾಡಬಾರದೆಂದು ಇಷ್ಟನ್ನು ಹೇಳಿದೆವು.

ಆ ಹುಡುಗಿ ಮೂರು ವರ್ಷ ಓದಿ ಪದವಿಯನ್ನು ಪಡೆದಳು. ಕೊನೆಯ ದಿನ ಬಂದು ನಮಸ್ಕರಿಸಿದಾಗ ಸಂತೋಷವಾಯಿತು. ಆದರೆ ನಮಗೆ ಈಗಲೂ ನೆನಪಾಗುವವರು, ಅವಳ ಜೊತೆಯಲ್ಲಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದು ಮೂರನೆಯ ವಾರಕ್ಕೆ ಬರುವುದನ್ನು ಬಿಟ್ಟ ಆ ಇಬ್ಬರು. ಈಗ ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಪ್ರಶ್ನೆಗಳನ್ನು ಬರೆಯಲು ಕುಳಿತಾಗ, ಮೊದಲನೆಯ ಪ್ರಶ್ನೆಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡದಲ್ಲಿ ಬರೆಯುತ್ತೇವೆ. ಅದು ಬಡ್ಡಿಯ ಲೆಕ್ಕ.